ಗುಬ್ಬಿ ಮಾರ್ಕಿನ ಎಳ್ಳು

ಹೊಗಳಿದರೆ ಸಿಟ್ಟಾಗುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ಕೆಂಡಣ್ಣ ಹಾಗೆ ಸಿಟ್ಟಾಗಿದ್ದ. ಅವನದೇ ತಪ್ಪು ಅನ್ನುವ ಮೊದಲು ಆ ಹೊಗಳಿಕೆ ಎಂಥದ್ದೆಂದು ಕೇಳಿ.

ಅವನು ಹಲ್ಲುಜ್ಜುತ್ತಿದ್ದ. ಸಮುದ್ರದಾಚೆಯ ಖರೀದಿದಾರರಿಂದ ಫೋನಿಗೆ ಸಂದೇಶ ಬಂತು. ‘ನಿಮ್ಮ ಎಳ್ಳಿನ ಸ್ಯಾಂಪಲ್ ತಲುಪಿತು. ಬಹಳ ಚೆನ್ನಾಗಿದೆ. ಇಷ್ಟು ಚೆನ್ನಾಗಿರುವುದರಿಂದ ನಮಗೆ ಅನುಮಾನ ಬಂದಿದೆ. ಇವತ್ತು ನಮ್ಮ ಕಡೆಯವರು ಬಂದು ಗೋದಾಮು ನೋಡುತ್ತಾರೆ.’

ಕೆಂಡಣ್ಣ ಕಾದ ಬಾಣಲೆಗೆ ಬಿದ್ದ ಎಳ್ಳಿನ ಹಾಗೆ ಸಿಡಿದ. ಬಾಯಲ್ಲಿ ಬ್ರಷ್ಷಿದ್ದದ್ದರಿಂದ ಬೈಗುಳದ ಜೊತೆ ನೊರೆಯೂ ಹಾರಿ ಕನ್ನಡಿ ತುಂಬ ಚುಕ್ಕಿ ಇಟ್ಟಿತು.

“ಚೆನ್ನಾಗಿದೆಯಂತೆ. ಅದಕ್ಕೇ ಅನುಮಾನವಂತೆ. ಹಾಗಾದ್ರೆ ಮಣ್ಣು ಕಳಿಸಿದ್ರೆ ಕಣ್ಣಿಗೊತ್ಕೊಳ್ತಿದ್ರಾ?”

“ಮೊದಲು ಕನ್ನಡಿ ಒರೆಸಿ, ಆಮೇಲೆ ಬೈರಿ,” ಅಂದಳು ಹೆಂಡತಿ ಬಾಗಿಲಲ್ಲಿ ನಿಂತು. “ಬರೋರ ಎದುರು ಒಂಚೂರು ನಗ್ರಿ. ನೀವು ಸುಮ್ಮನೆ ನಿಂತಿದ್ರೂ ಜಗಳಕ್ಕೆ ನಿಂತ ಹಾಗೆ ಕಾಣುತ್ತೆ.”

ಕೆಂಡಣ್ಣ ಚುಕ್ಕಿಗಳ ನಡುವೆ ಜಾಗ ಹುಡುಕಿ ಕನ್ನಡಿಯಲ್ಲಿ ನಗಲು ನೋಡಿದ. ಹಲ್ಲುನೋವಿನವನು ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದು ತೋರಿಸಿದ ಹಾಗಾಯಿತು.

“ಬೇಡ ಬಿಡಿ,” ಅಂದಳು ಅವಳು. “ಇದಕ್ಕಿಂತ ಸಿಟ್ಟೇ ವಾಸಿ.”

ಅವನ ನಿಜವಾದ ಹೆಸರು ಹೆತ್ತಮ್ಮನಿಗೆ ಮಾತ್ರ ನೆನಪಿತ್ತು. ಉಳಿದವರಿಗೆಲ್ಲ ಅವನು ಕೆಂಡಣ್ಣ. ಗೋದಾಮುಗಳ ಬೀದಿಯಲ್ಲಿ ಅವನಷ್ಟು ಹಸನಾಗಿ ಎಳ್ಳು ಮಾಡುವವರು ಇನ್ನೊಬ್ಬರಿರಲಿಲ್ಲ. ಮೂರು ಸಲ ಜರಡಿ, ಎರಡು ಸಲ ಮೊರ, ಆಮೇಲೆ ಹೆಂಗಸರ ಬೆರಳು. ಅವನ ಗೋದಾಮಿನ ಎಳ್ಳನ್ನು ಬೊಗಸೆಯಲ್ಲಿ ಹಿಡಿದರೆ ಮುತ್ತಿನ ಹುಡಿ ಹಿಡಿದ ಹಾಗೆ. ಆದರೆ ಆ ಎಳ್ಳು ಇಷ್ಟು ವರ್ಷ ಸಮುದ್ರ ದಾಟಿದ್ದು ಬೇರೆಯವರ ಹೆಸರು ಹೊತ್ತು. ಪಕ್ಕದ ಗೋದಾಮಿನ ಸಕ್ಕರೆಯಣ್ಣ ಅದನ್ನು ಕೊಂಡು, ತನ್ನ ಹಂಸದ ಮಾರ್ಕಿನ ಚೀಲಕ್ಕೆ ತುಂಬಿ, ಹಡಗು ಹತ್ತಿಸುತ್ತಿದ್ದ. ಆಚೆ ದಡದಲ್ಲಿ ಹಂಸದ ಮಾರ್ಕು ಅಂದರೆ ಚೀಲ ಬಿಚ್ಚದೆ ಕೊಳ್ಳುತ್ತಾರೆ ಅನ್ನುವ ಮಾತಿತ್ತು. ಬೆವರು ಇವನದು, ಹೆಸರು ಅವನದು.

ಈ ವರ್ಷ ಕೆಂಡಣ್ಣನಿಗೆ ಸಾಕಾಯಿತು. ತನ್ನದೇ ಚೀಲ ಮಾಡಿಸಿದ, ತನ್ನದೇ ಮಾರ್ಕು ಹಾಕಿಸಿದ. ಒಂದು ಗುಬ್ಬಿ. ಅಜ್ಜಿ ಕತೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದಲ್ಲ, ಹಾಗೆ ಕೆಂಡಣ್ಣನ ಜೀವ ಆ ವರ್ಷ ಆ ಗುಬ್ಬಿಯಲ್ಲಿತ್ತು. ಅದು ಒಂದು ಸಲ ಸಮುದ್ರ ದಾಟಿ ಆಚೆ ದಡದ ಯಾರದೋ ಬಾಗಿಲಲ್ಲಿ ಕೂತರೆ ಸಾಕು, ಅವನಿಗೆ ಬೇರೇನೂ ಬೇಡವಾಗಿತ್ತು.

ಗೋದಾಮಿಗೆ ಬಂದಾಗ ಸೋದರಮಾವ ಆಗಲೇ ಮಾಲಿನ ಮೂಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಮಾವ ಹಳೇ ದಲ್ಲಾಳಿ. ಈಗ ಯಾರೂ ಕರೆಯದಿದ್ದರೂ ಎಲ್ಲ ವ್ಯಾಪಾರದಲ್ಲೂ ಇರುತ್ತಿದ್ದ, ಎಲ್ಲ ಮದುವೆಗಳಲ್ಲೂ ಇರುವ ನೊಣದ ಹಾಗೆ.

“ಸ್ಯಾಂಪಲ್ ಯಾವುದರಿಂದ ತೆಗೆದೆ ಅಳಿಯ?”

“ಚೀಲದಿಂದ.”

“ಯಾವ ಚೀಲ? ಆರಿಸಿ ಇಟ್ಟಿದ್ದಾ?”

“ಕೈಗೆ ಸಿಕ್ಕಿದ್ದು. ಎಲ್ಲಾ ಒಂದೇ ತರ ಇದೆಯಲ್ಲ, ಆರಿಸೋದೇನು?”

ಮಾವ ಹಣೆ ಹಣೆ ಬಡಿದುಕೊಂಡ. “ಹಾಳುಮಾಡಿದೆ ಕಣೋ. ಸ್ಯಾಂಪಲ್ ಅನ್ನೋದು ಯಾವಾಗ್ಲೂ ಮಾಲಿಗಿಂತ ಒಂದು ಮೆಟ್ಟಿಲು ಮೇಲಿರುತ್ತೆ. ಅದು ಅವರಿಗೂ ಗೊತ್ತು. ಸ್ಯಾಂಪಲ್ ನೋಡಿದ ತಕ್ಷಣ ಒಂದು ಮೆಟ್ಟಿಲು ಕಳೆದೇ ಲೆಕ್ಕ ಹಾಕ್ತಾರೆ. ನೀನು ಮಾಲನ್ನೇ ಕಳಿಸಿದ್ರೆ, ಅದರಿಂದಲೂ ಕಳೀತಾರೆ. ನಿಜ ಹೇಳ್ಬೇಕು ಅಂದ್ರೆ ಒಂದು ಸುಳ್ಳು ಕಳಿಸ್ಬೇಕಿತ್ತು.”

“ನಾನು ಸುಳ್ಳು ಕಳಿಸಲ್ಲ.”

“ಅದೇ ಹೇಳ್ತಿರೋದು. ಅದಕ್ಕೇ ನಿನ್ನನ್ನ ನಂಬ್ತಿಲ್ಲ.”

ಕೆಂಡಣ್ಣ ಕೈಗೆ ಸಿಕ್ಕ ಮೊರವನ್ನು ನೆಲಕ್ಕೆ ಕುಕ್ಕಿದ. ಮೊರದ ಅಂಚು ಮುರಿಯಿತು. ಎಳ್ಳು ಹಸನು ಮಾಡುವ ಹೆಂಗಸರ ಮುಂದಾಳು ದೊಡ್ಡಕ್ಕ ಅದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದಳು. “ಈ ವಾರಕ್ಕೆ ಇದು ಮೂರನೇದು. ಇವರಿಗೆ ಸಿಟ್ಟು ಬರೋಕೆ ಬೇರೆ ಮೊರ ಇಟ್ಬಿಡಿ, ಕೆಲಸಕ್ಕೆ ಬೇರೆ ಇಡಿ.” ಹೆಂಗಸರ ಸಾಲು ಸೆರಗಿನ ಮರೆಯಲ್ಲಿ ಕಿಸಕ್ಕೆಂದಿತು. ಆರ್ಡರ್ ಸಿಕ್ಕರೆ ಅವರಿಗೆಲ್ಲ ವರ್ಷವಿಡೀ ಕೆಲಸ. ಅದು ದೊಡ್ಡಕ್ಕನಿಗೂ ಗೊತ್ತಿತ್ತು, ಅದಕ್ಕೇ ಅವಳು ಮಾತ್ರ ನಗಲಿಲ್ಲ.

ಅಷ್ಟರಲ್ಲಿ ಸಕ್ಕರೆಯಣ್ಣ ಬಂದ. ಅವನು ನಡೆದು ಬಂದ ಅನ್ನುವುದಕ್ಕಿಂತ ಹರಿದು ಬಂದ ಅನ್ನಬೇಕು, ಜಾರಿ ಬೀಳುವ ಪಾಕದ ಹಾಗೆ. ಹಿಂದೆ ಅವನ ಆಳುಗಳು ಒಂದು ಮೆತ್ತನೆ ಕುರ್ಚಿ, ಒಂದು ಟೇಬಲ್ ಫ್ಯಾನು, ತಣ್ಣನೆ ನೀರಿನ ಹೂಜಿ ಹೊತ್ತು ತಂದರು.

“ತಮ್ಮಾ, ನಿನ್ನಲ್ಲಿಗೆ ತಪಾಸಣೆ ಬರ್ತಿದೆಯಂತೆ. ನಿನ್ನ ಆ ಮೂರು ಕಾಲಿನ ಸ್ಟೂಲ್ ಮೇಲೆ ಕೂರಿಸ್ತೀಯಾ ಅವರನ್ನ? ನಮ್ಮ ಬೀದಿ ಮರ್ಯಾದೆ ಏನಾಗ್ಬೇಕು?”

“ನನ್ನ ಸ್ಟೂಲಿಗೆ ಏನಾಗಿದೆ?” ಅಂದ ಕೆಂಡಣ್ಣ.

“ಏನೂ ಆಗಿಲ್ಲ ತಮ್ಮಾ. ಒಂದು ಕಾಲು ಇಲ್ಲ, ಅಷ್ಟೆ.”

ತನ್ನ ಹೆಸರನ್ನು ಇಷ್ಟು ವರ್ಷ ನುಂಗಿದವನ ಫ್ಯಾನಿನ ಗಾಳಿ ಮುಖಕ್ಕೆ ಬಡಿದಾಗ ಕೆಂಡಣ್ಣನಿಗೆ ಬೆಂಕಿಯ ಉಸಿರು ತಾಗಿದ ಹಾಗಾಯಿತು. ಆದರೂ ಬಾಯಿ ಬಿಗಿಹಿಡಿದ. ಇವತ್ತು ಯಾರ ಜೊತೆಯೂ ಜಗಳಕ್ಕೆ ಇಳಿಯುವುದಿಲ್ಲವೆಂದು ಹೊರಡುವಾಗ ಹೆಂಡತಿಗೆ ಮಾತು ಕೊಟ್ಟು ಬಂದಿದ್ದ.

ಊಟದ ಹೊತ್ತು ಕಳೆದ ಮೇಲೆ ತಪಾಸಣೆಯಮ್ಮ ಬಂದರು. ತೆಳ್ಳಗೆ, ಎತ್ತರಕ್ಕೆ, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಕೈಯಲ್ಲಿ ಚೂಪು ಮೂತಿಯ ಉದ್ದನೆ ಉಕ್ಕಿನ ಕೊಳವೆ. ಅದನ್ನು ಚೀಲದ ಹೊಟ್ಟೆಗೆ ಚುಚ್ಚಿ ಎಳೆದರೆ ಒಳಗಿನ ಕಾಳು ಕೊಳವೆಯಲ್ಲಿ ಹರಿದು ಬರುತ್ತದೆ. ಅವರು ಅದನ್ನು ಹಿಡಿದು ನಿಂತ ಬಗೆ ನೋಡಿದರೆ, ಈಗ ಮಂತ್ರದಂಡದ ಹಾಗೆ ಬೀಸಿದರೆ ಗೋದಾಮೇ ಕಪ್ಪೆಯಾಗಿಬಿಡುತ್ತದೇನೋ ಅನ್ನಿಸುವಂತಿತ್ತು.

ಸಕ್ಕರೆಯಣ್ಣ ಬಾಗಿಲಲ್ಲೇ ಕೈಮುಗಿದ. “ಬನ್ನಿ ಅಮ್ಮಾ. ಇವನು ನನ್ನ ಸ್ವಂತ ತಮ್ಮನಿದ್ದ ಹಾಗೆ. ಬಾಯಿ ಸ್ವಲ್ಪ ಒರಟು, ಮನಸ್ಸು ಚಿನ್ನ. ಮಾಲು ಹೇಗೇ ಇದ್ರೂ ನೀವು ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕ್ಕೊಳ್ಬೇಕು.”

“ಹೇಗೇ ಇದ್ರೂ ಅಂದ್ರೇನು?” ಕೆಂಡಣ್ಣನ ಧ್ವನಿ ಏರಿತು. “ನನ್ನ ಮಾಲಿಗೆ ಏನಾಗಿದೆ?”

“ನೋಡಿದ್ರಾ ಅಮ್ಮಾ,” ಅಂದ ಸಕ್ಕರೆಯಣ್ಣ ಕರುಣೆಯಿಂದ. “ಪಾಪ, ಗಾಬರಿ.”

ತಪಾಸಣೆಯಮ್ಮ ಕನ್ನಡಕ ಮೂಗಿಗೇರಿಸಿ ಕೆಂಡಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕೊಳವೆ ಎತ್ತಿಕೊಂಡರು.

ಮೊದಲ ಚೀಲಕ್ಕೆ ಚುಚ್ಚಿದರು. ಮುತ್ತಿನ ಹುಡಿ. ಎರಡನೆಯದಕ್ಕೆ ಅಡಿಯಿಂದ ಚುಚ್ಚಿದರು. ಅದೇ ಮುತ್ತು. ಸಾಲಿನ ಹಿಂದೆ ಹೋದರು, ಏಣಿ ಹಾಕಿಸಿ ಮೇಲಿನ ಅಟ್ಟಿ ಹತ್ತಿದರು, ಬಗ್ಗಿ ಕೆಳಗಿನ ಚೀಲವನ್ನೇ ಎಳೆಸಿದರು. ಒಂದೊಂದು ಚೀಲ ಚೆನ್ನಾಗಿ ಬಂದಷ್ಟೂ ಅವರ ಹುಬ್ಬು ಒಂದೊಂದು ಎಳೆ ಗಂಟಾಗುತ್ತ ಹೋಯಿತು.

ಕೊನೆಗೆ ಬೆವರೊರೆಸಿಕೊಂಡು ಕೇಳಿದರು. “ಕೆಟ್ಟದ್ದು ಎಲ್ಲಿಟ್ಟಿದ್ದೀರಿ?”

“ಯಾವ ಕೆಟ್ಟದ್ದು?”

“ಕೆಟ್ಟ ಮಾಲು. ಎಲ್ಲಾ ಗೋದಾಮಿನಲ್ಲೂ ಇರುತ್ತೆ.”

“ನನ್ನಲ್ಲಿಲ್ಲ.”

“ಇಲ್ಲ ಅನ್ನೋರಲ್ಲೇ ಜಾಸ್ತಿ ಇರುತ್ತೆ. ತೋರಿಸಿಬಿಡಿ, ನನಗೂ ಕೆಲಸ ಮುಗಿಯುತ್ತೆ.”

“ಇಲ್ಲದ್ದನ್ನ ಎಲ್ಲಿಂದ ತಂದು ತೋರಿಸಲಿ?” ಕೆಂಡಣ್ಣನ ಕಿವಿ ಕೆಂಪಾಯಿತು. “ಚೆನ್ನಾಗಿ ಮಾಡಿದ್ದು ತಪ್ಪಾ? ಈ ಹೆಂಗಸರು ಕಣ್ಣು ಕಿತ್ತು ಬರೋ ಹಾಗೆ ಹೆಕ್ಕಿದ್ದು ತಪ್ಪಾ? ಮುಂದಿನ ಸಲ ನೀವು ಬರೋ ಮೊದ್ಲು ಹೇಳಿ, ನಿಮಗೋಸ್ಕರ ಒಂದೆರಡು ಕಲ್ಲು ಹುರಿದಿಟ್ಟಿರ್ತೀನಿ.”

ದೊಡ್ಡಕ್ಕ ಕೆಮ್ಮಿದಳು. ತಪಾಸಣೆಯಮ್ಮ ಕುರ್ಚಿಯಲ್ಲಿ ಕೂತು, ಸಕ್ಕರೆಯಣ್ಣನ ಹೂಜಿಯಿಂದ ಸಕ್ಕರೆಯಣ್ಣನ ನೀರು ಕುಡಿದು, ಸಕ್ಕರೆಯಣ್ಣನ ಫ್ಯಾನಿನ ಗಾಳಿಗೆ ಕಣ್ಣು ಮುಚ್ಚಿದರು. “ಇಷ್ಟು ವರ್ಷದಲ್ಲಿ ಕೆಟ್ಟದ್ದು ಸಿಗದೆ ಇರೋ ಗೋದಾಮು ನಾನು ಕಂಡಿಲ್ಲ. ಸಿಗದೇ ಹೋದ್ರೆ, ಬಚ್ಚಿಡೋದರಲ್ಲಿ ಜಾಣರು ಅಂತ ಅರ್ಥ. ಅಂಥವರ ಜೊತೆ ನಮ್ಮ ಕಂಪನಿ ವ್ಯಾಪಾರ ಮಾಡಲ್ಲ.”

ಅವರು ಸುಧಾರಿಸಿಕೊಳ್ಳುವಷ್ಟರಲ್ಲಿ ಕೆಂಡಣ್ಣ ಹೊರಗೆ ಹೋಗಿ ಗೋಡೆಗೆ ಎರಡು ಸಲ ಒದ್ದು, ಹೆಬ್ಬೆರಳು ನೋಯಿಸಿಕೊಂಡು ಕುಂಟುತ್ತ ಒಳಗೆ ಬಂದ. ಮಾವ ಎಲ್ಲೋ ಮಾಯವಾಗಿದ್ದವನು ಹಿಂಬಾಗಿಲಿಂದ ಏದುಸಿರು ಬಿಡುತ್ತ ಬಂದು ನಿಂತ. ಅವನ ಮುಖದಲ್ಲಿ ದೇಶ ಉಳಿಸಿದವನ ಕಳೆ ಇತ್ತು.

“ಅಮ್ಮಾ, ಆ ಮೂಲೆ ನೋಡಲೇ ಇಲ್ವಲ್ಲ ನೀವು,” ಅಂದ ಮಾವ, ಏನೂ ಅರಿಯದವನ ಹಾಗೆ.

ಮೂಲೆಯಲ್ಲಿ ಮುರಿದ ಜರಡಿಗಳ ಹಿಂದೆ, ಹರಿದ ಟಾರ್ಪಾಲಿನ ಅಡಿಯಲ್ಲಿ ಗುಬ್ಬಿ ಮಾರ್ಕಿನ ಎರಡು ಚೀಲ. ತಪಾಸಣೆಯಮ್ಮ ಕೊಳವೆ ಚುಚ್ಚಿ ಎಳೆದು ಅಂಗೈಗೆ ಸುರಿದುಕೊಂಡರು. ಕಡ್ಡಿ, ಕಲ್ಲು, ಹುಳು ಕೊರೆದ ಕಾಳು, ಬೂದು ಧೂಳು. ನಡುನಡುವೆ ಎಳ್ಳು, ದಾರಿ ತಪ್ಪಿ ಬಂದ ಹಾಗೆ. ಮುಗ್ಗಲು ವಾಸನೆಗೆ ಪಕ್ಕದಲ್ಲಿದ್ದ ಹೆಂಗಸು ಮೂಗು ಮುಚ್ಚಿಕೊಂಡಳು.

ಆದರೆ ತಪಾಸಣೆಯಮ್ಮನ ಮುಖ ಅರಳಿತು. ಬಂದಾಗಿನಿಂದ ಮೊದಲ ಸಲ ಅವರ ಹಲ್ಲು ಕಂಡವು.

“ಅಂತೂ ಸಿಕ್ತು.”

“ಅದು ನನ್ನದಲ್ಲ,” ಅಂತ ಕೆಂಡಣ್ಣ ಅರಚಿದ.

“ನಿಮ್ಮ ಗೋದಾಮು. ನಿಮ್ಮ ಬೀಗ. ಚೀಲದ ಮೇಲೆ ನಿಮ್ಮ ಗುಬ್ಬಿ.”

ಮಾವ ಕೆಂಡಣ್ಣನ ತೋಳು ಹಿಡಿದೆಳೆದು ಕಿವಿಯಲ್ಲಿ ಉಸುರಿದ. “ಸುಮ್ಮನಿರೋ. ಸಕ್ಕರೆಯಣ್ಣನಿಂದ ಕೇಳಿ ತಂದು ನಿನ್ನ ಚೀಲಕ್ಕೆ ಸುರಿದೆ. ಆಯಮ್ಮನಿಗೆ ಒಂದು ಕೆಟ್ಟದ್ದು ಸಿಗಲೇಬೇಕಿತ್ತು, ಸಿಕ್ತು. ಹೂಂ ಅಂದ್ಬಿಡು.”

ಕೆಂಡಣ್ಣ ಹೂಂ ಅನ್ನುವ ಜಾತಿಯವನಲ್ಲ. ತೋಳು ಕೊಡವಿಕೊಂಡು ಚೀಲದ ಮೇಲೆ ನಿಂತು ಕೂಗಿದ. ಇದು ಪಕ್ಕದವರದು ಅಂದ. ತನ್ನ ಮಾವ ಕತ್ತೆ ಅಂದ. ಈ ಬೀದಿಯೇ ಕಳ್ಳರ ಬೀದಿ ಅಂದ. ತಪಾಸಣೆಯಮ್ಮ ಶಾಂತವಾಗಿ ಕೇಳಿಸಿಕೊಂಡರು.

“ಸಿಕ್ಕಿಬಿದ್ದಾಗ ಎಲ್ಲರೂ ಪಕ್ಕದವರದು ಅಂತಾನೇ ಹೇಳ್ತಾರೆ,” ಅಂದರು. “ಇಷ್ಟು ಕೂಗ್ತೀರಿ ಅಂದ್ರೆ ಇದೇ ನಿಮ್ಮ ನಿಜವಾದ ಮಾಲು. ಮುಂದಿರೋದು ತೋರಿಸೋಕೆ ಇಟ್ಟಿದ್ದು, ಹಿಂದಿರೋದು ಕಳಿಸೋಕೆ ಇಟ್ಟಿದ್ದು. ಬೇಜಾರು ಮಾಡ್ಕೋಬೇಡಿ, ಎಣ್ಣೆ ಹಿಂಡೋಕೆ ನಮಗೆ ಇಂಥದ್ದೂ ಬೇಕು. ಇಡೀ ಹಡಗಿನ ಮಾಲು ನಿಮ್ಮಿಂದಲೇ ತಗೋತೀವಿ. ಗುಬ್ಬಿ ಮಾರ್ಕಿನಲ್ಲೇ ಕಳಿಸಿ.”

ಗುಬ್ಬಿ ಅನ್ನುವ ಮಾತು ಕಿವಿಗೆ ಬಿದ್ದು ಕೆಂಡಣ್ಣನ ಬಾಯಿ ಅರ್ಧಕ್ಕೆ ನಿಂತಿತು.

ಆ ಅರ್ಧ ಗಳಿಗೆಯಲ್ಲಿ ಎಲ್ಲ ಮುಗಿದುಹೋಯಿತು. ತಪಾಸಣೆಯಮ್ಮ ಆ ಕಸವನ್ನು ಎರಡು ಗಾಜಿನ ಬಾಟಲಿಗಳಿಗೆ ತುಂಬಿ, ಮುಚ್ಚಳಕ್ಕೆ ಅರಗು ಕಾಯಿಸಿ ಹಾಕಿ, ಮುದ್ರೆ ಒತ್ತಿದರು. ಒಂದು ಅವರ ಚೀಲಕ್ಕೆ, ಒಂದು ಕೆಂಡಣ್ಣನ ಕೈಗೆ. ಆ ವ್ಯಾಪಾರದ ಕಟ್ಟಳೆಯೇ ಹಾಗೆ. ಹಡಗು ಇಳಿದ ಮಾಲನ್ನು ಬಾಟಲಿಯ ಪಕ್ಕ ಇಟ್ಟು ನೋಡುತ್ತಾರೆ, ಬೇರೆಯಾಗಿ ಕಂಡರೆ ಬಾಗಿಲು ಮುಚ್ಚುತ್ತಾರೆ.

“ಅಮ್ಮಾ,” ಕೆಂಡಣ್ಣ ಹುಟ್ಟಿದ ಮೇಲೆ ಮೊದಲ ಸಲ ಗೋಗರೆದ. “ಈ ಕಸದ ದರಕ್ಕೇ ಮುಂದಿರೋ ಒಳ್ಳೇ ಮಾಲು ಕಳಿಸ್ತೀನಿ. ನನಗೆ ನಷ್ಟ ಆದ್ರೂ ಪರವಾಗಿಲ್ಲ.”

ತಪಾಸಣೆಯಮ್ಮನ ನಗು ಆರಿತು. “ಆ ಆಟ ಬೇಡ. ಮೊದಲ ಸಲ ಮುತ್ತು ಕಳಿಸಿ ನಂಬಿಸೋದು, ಎರಡನೇ ಸಲ ಮಣ್ಣು ಕಳಿಸೋದು. ಮೂರು ಸಲ ಮೋಸ ಹೋಗಿದ್ದೀವಿ. ನಮಗೆ ಬೇಕಾಗಿರೋದು ಒಳ್ಳೇದಲ್ಲ, ಹೇಳಿದ್ದು. ಬಾಟಲಿಗಿಂತ ಕೆಟ್ಟದು ಬಂದ್ರೂ ವಾಪಸ್, ಒಳ್ಳೇದು ಬಂದ್ರೂ ವಾಪಸ್. ಒಂದ್ಸಲ ವಾಪಸ್ ಬಂತು ಅಂದ್ರೆ ಆಮೇಲೆ ಗುಬ್ಬಿ ಮಾರ್ಕಿಗೆ ಆ ದಡದಲ್ಲಿ ಯಾರೂ ಕದ ತೆಗೆಯಲ್ಲ. ಒಪ್ಪಿಗೇನಾ?”

ಕೆಂಡಣ್ಣ ಹೆಂಗಸರ ಸಾಲಿನ ಕಡೆ ನೋಡಿದ. ದೊಡ್ಡಕ್ಕ ಅವನನ್ನೇ ನೋಡುತ್ತಿದ್ದಳು. ಚೀಲಗಳ ಮೇಲಿನ ಗುಬ್ಬಿಗಳೂ ನೋಡುತ್ತಿದ್ದವು. ಅವನು ಹಲ್ಲು ಕಡಿಯುತ್ತ ತಲೆ ಆಡಿಸಿದ. ಹಲ್ಲು ಕಡಿದ ಶಬ್ದ ಫ್ಯಾನಿನ ಸದ್ದನ್ನೂ ಮೀರಿ ಕೇಳಿಸಿತು.

ಅವರು ಹೋದ ಮೇಲೆ ಕೆಂಡಣ್ಣ ಬಾಟಲಿ ಹಿಡಿದು ನೇರ ಪಕ್ಕದ ಗೋದಾಮಿಗೆ ನುಗ್ಗಿದ.

“ನಿಮ್ಮ ಹತ್ರ ಇರೋ ಕೆಟ್ಟ ಮಾಲೆಲ್ಲಾ ಕೊಡಿ. ಹಡಗಿನಷ್ಟು ಬೇಕು.”

ಸಕ್ಕರೆಯಣ್ಣ ಕಣ್ಣರಳಿಸಿದ. “ನನ್ನ ಹತ್ರ ಕೆಟ್ಟದ್ದೆಲ್ಲಿದೆ ತಮ್ಮಾ? ನಾನು ಕಳಿಸೋದೆಲ್ಲಾ ನಿನ್ನ ಎಳ್ಳೇ ಅಲ್ವಾ.”

“ಮತ್ತೆ ಆ ಎರಡು ಚೀಲ?”

“ಅವಾ? ಅವು ತಪಾಸಣೆಯವರಿಗೆ ಸಿಗೋಕೆ ಅಂತ ಇಟ್ಟಿರೋದು. ಎಷ್ಟೋ ವರ್ಷದ ಹಳೇವು, ಕಷ್ಟಪಟ್ಟು ಕೂಡಿಸಿದ್ದು. ಬಂದವರು ಹುಡುಕ್ತಾರೆ, ಮೂಲೇಲಿ ಸಿಗುತ್ತೆ. ನಾನು ತಲೆ ತಗ್ಗಿಸಿ, ತಪ್ಪಾಯ್ತು ಅಮ್ಮಾ, ಈಗಲೇ ತೆಗೆಸಿಬಿಡ್ತೀನಿ ಅಂತೀನಿ. ಅವರಿಗೂ ಕೆಲಸ ಮಾಡಿದ ತೃಪ್ತಿ. ತಪ್ಪು ಒಪ್ಪಿಕೊಳ್ಳೋ ಮನುಷ್ಯ ಅಂತ ನನಗೂ ಹೆಸರು. ಹಂಸದ ಮಾರ್ಕಿಗೆ ಅಷ್ಟು ನಂಬಿಕೆ ಬಂದಿದ್ದೇ ಹೀಗೆ.” ಅವನು ನಿಜಕ್ಕೂ ನೊಂದುಕೊಂಡ. “ನಿನಗೂ ಒಳ್ಳೇದಾಗಲಿ ಅಂತ ಕೊಟ್ಟೆ ತಮ್ಮಾ. ತಪ್ಪಾಯ್ತು ಅನ್ನೋದು ಬಿಟ್ಟು ಯಾಕೆ ಕೂಗಾಡಿದೆ?”

ಕೆಂಡಣ್ಣನ ಮೂಗಿಂದ ಉಗಿ ಹೊರಟಿತು.

“ಅಂದ ಹಾಗೆ ನಾಳೆ ಆಯಮ್ಮ ನನ್ನಲ್ಲಿಗೆ ಬರ್ತಾರೆ,” ಅಂದ ಸಕ್ಕರೆಯಣ್ಣ ಮೆಲ್ಲಗೆ. “ಆ ಎರಡೂ ಚೀಲ ಹಂಸದ ಚೀಲಕ್ಕೆ ಸುರಿದು ವಾಪಸ್ ಕೊಟ್ಬಿಡು. ನಿನ್ನ ಒಳ್ಳೇ ಎಳ್ಳು ಇನ್ನು ನಿನಗೆ ಯಾಕೆ, ಎಂದಿನ ಹಾಗೆ ನಾನೇ ತಗೋತೀನಿ. ಹೊಸ ಎಳ್ಳು ತರಿಸ್ಕೊಂಡು ನಿನ್ನ ಬಾಟಲಿ ತರ ಮಾಡ್ಕೋ.”

ಇಳಿಹೊತ್ತಿನ ಬಿಸಿಲು ಗೋದಾಮಿನ ಬಾಗಿಲಲ್ಲಿ ಉದ್ದಕ್ಕೆ ಚಾಚಿ ಬಿದ್ದಿತ್ತು. ಹಂಸದ ಚೀಲಗಳಿಗೆ ಮುತ್ತಿನ ಹುಡಿ ತುಂಬಿ ಸಕ್ಕರೆಯಣ್ಣನ ಆಳುಗಳು ಹೊತ್ತುಕೊಂಡು ಹೋಗುತ್ತಿದ್ದರು. ಇತ್ತ ಕಡೆ ಹೆಂಗಸರ ಸಾಲಿನ ಮುಂದೆ ಹೊಸ ಎಳ್ಳಿನ ರಾಶಿ, ಅದರ ಪಕ್ಕ ಅಂಗಳದಿಂದ ಬುಟ್ಟಿಗಟ್ಟಲೆ ತಂದ ಕಡ್ಡಿ, ಕಲ್ಲು, ಧೂಳು. ರಾಶಿಯ ನಡುವೆ ಮೂರು ಕಾಲಿನ ಸ್ಟೂಲು, ಸ್ಟೂಲಿನ ಮೇಲೆ ಬಾಟಲಿ. ಮಾವ ದೂರದಲ್ಲಿ, ಕೈಗೆ ಸಿಗದಷ್ಟು ದೂರದಲ್ಲಿ, ಕಲ್ಲು ಆರಿಸಿ ಕೊಡುತ್ತಿದ್ದ. ಇಷ್ಟು ವರ್ಷ ಹೆಕ್ಕಿ ತೆಗೆದು ಅಭ್ಯಾಸವಾಗಿದ್ದ ಹೆಂಗಸರ ಬೆರಳು, ಹಾಕಿದ ಕಲ್ಲನ್ನು ತಮಗೇ ಗೊತ್ತಿಲ್ಲದೆ ಮತ್ತೆ ತೆಗೆದು ಪಕ್ಕಕ್ಕಿಡುತ್ತಿದ್ದವು.

ದೊಡ್ಡಕ್ಕ ಒಂದು ಮೊರ ಹದ ಮಾಡಿ ತಂದಳು. “ನೋಡಿ, ಸಾಕಾ?”

ಕೆಂಡಣ್ಣ ಮೊರವನ್ನು ಬಾಟಲಿಯ ಪಕ್ಕ ಹಿಡಿದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಅವನ ಕಿವಿ ಮತ್ತೆ ಕೆಂಪಾಗತೊಡಗಿತು.

“ಇದೇನಿದು? ಬಾಟಲಿಗಿಂತ ಎಷ್ಟು ಚೆನ್ನಾಗಿದೆ ನೋಡಿ ಇದು. ಧೂಳು ಎಲ್ಲಿ? ಹುಳು ಕೊರೆದ ಕಾಳೆಲ್ಲಿ? ಆ ಕಲ್ಲು ಯಾಕೆ ತೆಗೆದ್ರಿ, ಹಾಕಿ ಒಳಗೆ.” ಅವನು ಮೊರವನ್ನು ನೆಲಕ್ಕೆ ಕುಕ್ಕಿದ. “ನಂಬಿ ಆರ್ಡರ್ ಕೊಟ್ಟಿದ್ದಾರೆ ಅವರು. ಒಳ್ಳೇ ಮಾಲು ಕಳಿಸಿ ಅವರಿಗೆ ಮೋಸ ಮಾಡ್ಲಾ ನಾನು?”